ಒಂದು ಕೀಬೋರ್ಡಿಗೆ ಇಬ್ಬರ ಸಂಬಳ ಯಾಕೆ? ಪೇರ್ ಪ್ರೋಗ್ರಾಮಿಂಗ್ ಬಗ್ಗೆ ಒಬ್ಬ ಟೀಮ್ ಲೀಡ್‌ಗೆ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಎಂಟು ಮಂದಿಯ ತಂಡ. ಅಮೆರಿಕದ ವಿಮಾ ಕಂಪನಿಯೊಂದಕ್ಕೆ ಕ್ಲೈಮ್ ಇತ್ಯರ್ಥದ ಸಾಫ್ಟ್‌ವೇರ್ ಬರೆಯುತ್ತೇವೆ. ಇನ್ನು ಮುಂದೆ ಎಲ್ಲ ಕೋಡನ್ನೂ ಒಂದೇ ಕಂಪ್ಯೂಟರಿನ ಮುಂದೆ ಇಬ್ಬಿಬ್ಬರು ಕೂತು ಬರೆಯಬೇಕು, ಅಂದರೆ ಪೇರ್ ಪ್ರೋಗ್ರಾಮಿಂಗ್ ಮಾಡಬೇಕು ಎಂದು ಕ್ಲೈಂಟ್ ಕಡೆಯವರು ಹೇಳಿದ್ದಾರೆ. ಎರಡು ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಹಾಗೇ ಮಾಡಿದೆವು. ಮುಗಿದ ಸ್ಟೋರಿಗಳು, ಅಂದರೆ ಕೆಲಸದ ಸಣ್ಣ ತುಂಡುಗಳು, ಕಡಿಮೆಯಾದವು. ಇಬ್ಬರು ಫ್ರೆಶರ್‌ಗಳು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಾರೆ, ಅಷ್ಟೆ. ಸೀನಿಯರ್ ಒಬ್ಬರು ಸಂಜೆ ಹೊತ್ತಿಗೆ ತಲೆ ಓಡುವುದೇ ಇಲ್ಲ ಎನ್ನುತ್ತಿದ್ದಾರೆ. ಮ್ಯಾನೇಜರ್ ಅವರದು ಒಂದೇ ಮಾತು: "ಒಂದು ಕೆಲಸಕ್ಕೆ ಇಬ್ಬರ ಸಂಬಳ ಯಾಕೆ? ಜೊತೆ ಬೇಕಿದ್ದರೆ ಎಐ ಇದೆಯಲ್ಲ." ನಾನೇನು ಮಾಡಲಿ?

ಉತ್ತರ: ಮುಂದುವರಿಸಿ. ಆದರೆ ಎಲ್ಲ ಕೋಡಿಗೂ ಬೇಡ, ಇಡೀ ದಿನವೂ ಬೇಡ. ಜೋಡಿಗಳನ್ನು ಬದಲಿಸುತ್ತಿರಿ. ಫ್ರೆಶರ್‌ಗಳ ಕೈಗೆ ಕೀಬೋರ್ಡ್ ಕೊಡಿ. ಮುಗಿದ ಸ್ಟೋರಿಗಳನ್ನು ಎಣಿಸಿ ಇದರ ಫಲ ಅಳೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಮ್ಯಾನೇಜರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಪೇರ್ ಪ್ರೋಗ್ರಾಮಿಂಗ್ ಪರವಾಗಿ ಮಾತಾಡುವ ಬಹಳ ಮಂದಿ ಆ ಪ್ರಶ್ನೆ ಬಂದ ಕೂಡಲೇ ಮಾತು ಬದಲಿಸುತ್ತಾರೆ. ಹಾಗಾಗಿ ಮೊದಲು ಹಣದ ಲೆಕ್ಕ.

1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ವಿಧಾನವನ್ನು ಮುಂದಿಟ್ಟಾಗ, ಪ್ರೊಡಕ್ಷನ್‌ಗೆ (ನಿಜವಾದ ಬಳಕೆಗೆ) ಹೋಗುವ ಕೋಡೆಲ್ಲ ಜೋಡಿಯಲ್ಲೇ ಬರೆಯಬೇಕು ಎಂಬುದು ಅದರ ನಿಯಮಗಳಲ್ಲೊಂದಾಗಿತ್ತು. ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕದ ಪ್ರಾಜೆಕ್ಟಿನಲ್ಲಿ ಅವರು ಇದನ್ನೆಲ್ಲ ಪ್ರಯೋಗಿಸಿದ್ದರು. ಆಗ ಎಲ್ಲರೂ ಕೇಳಿದ್ದು ನಿಮ್ಮ ಮ್ಯಾನೇಜರ್ ಕೇಳಿದ್ದನ್ನೇ. 1999ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಲಾರಿ ವಿಲಿಯಮ್ಸ್ ಉತ್ತರ ಹುಡುಕಲು ಹೊರಟರು. ಅಂತಿಮ ವರ್ಷದ 41 ವಿದ್ಯಾರ್ಥಿಗಳಲ್ಲಿ 28 ಜನ ಜೋಡಿಯಾಗಿ, 13 ಜನ ಒಬ್ಬೊಬ್ಬರಾಗಿ ಅದೇ ಅಸೈನ್‌ಮೆಂಟ್‌ಗಳನ್ನು ಮಾಡಿದರು. ಮೊದಲ ಅಸೈನ್‌ಮೆಂಟಿನಲ್ಲಿ ಜೋಡಿಗಳ ಒಟ್ಟು ಗಂಟೆ ಒಂಟಿಯವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚಾಯಿತು. ಆಮೇಲೆ ಒಬ್ಬರಿಗೊಬ್ಬರು ಹೊಂದಿಕೊಂಡ ಹಾಗೆ ಅದು ಶೇ 15ರ ಆಸುಪಾಸಿಗೆ ಇಳಿಯಿತು. ಜೋಡಿಗಳ ಕೋಡಿನಲ್ಲಿ ದೋಷಗಳು ಸುಮಾರು ಶೇ 15ರಷ್ಟು ಕಡಿಮೆ ಇದ್ದವು.

ಅಂದರೆ ಖರ್ಚು ಇಮ್ಮಡಿ ಆಗಲಿಲ್ಲ. ಕಾರಣ ಸರಳ. ಕೋಡ್ ಬರೆಯುವವರ ದಿನದಲ್ಲಿ ಟೈಪ್ ಮಾಡುವ ಹೊತ್ತು ಕಡಿಮೆ. ಉಳಿದದ್ದೆಲ್ಲ ಯೋಚನೆ, ಹಳೇ ಕೋಡ್ ಓದುವುದು, ಎಲ್ಲೋ ಸಿಕ್ಕಿಹಾಕಿಕೊಂಡು ಕೂರುವುದು, ನಿನ್ನೆ ತಾನೇ ಮಾಡಿದ ತಪ್ಪನ್ನು ಇವತ್ತು ಹುಡುಕುವುದು. ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು ಇದ್ದರೆ ಈ ಕೊನೆಯ ಎರಡು ಬಾಬ್ತುಗಳು ಕುಗ್ಗುತ್ತವೆ. ನಿಮ್ಮ ಎರಡು ಸ್ಪ್ರಿಂಟ್‌ಗಳು ಇನ್ನೂ ಆ ಮೊದಲ ಅಸೈನ್‌ಮೆಂಟಿನ ಹಂತದಲ್ಲೇ ಇವೆ ಎಂಬುದನ್ನು ಮ್ಯಾನೇಜರ್‌ಗೆ ಹೇಳಿ.

ಆದರೆ ಯೂಟಾ ಪ್ರಯೋಗವೊಂದನ್ನೇ ಹಿಡಿದು ವಾದಕ್ಕೆ ಹೋಗಬೇಡಿ. ಅವರು ವಿದ್ಯಾರ್ಥಿಗಳು. ವೃತ್ತಿಪರರನ್ನೇ ಇಟ್ಟುಕೊಂಡು ನಡೆದ ದೊಡ್ಡ ಪ್ರಯೋಗ ನಾರ್ವೆಯ ಸಿಮುಲಾ ಸಂಶೋಧನಾಲಯದವರದು, 2007ರಲ್ಲಿ ಪ್ರಕಟವಾಯಿತು. ಎರಿಕ್ ಆರಿಶೋಲ್ಮ್ ಮತ್ತು ಸಂಗಡಿಗರು ನಾರ್ವೆ, ಸ್ವೀಡನ್, ಬ್ರಿಟನ್‌ಗಳ 29 ಕನ್ಸಲ್ಟೆನ್ಸಿ ಕಂಪನಿಗಳಿಂದ 295 ಜಾವಾ ಪ್ರೋಗ್ರಾಮರ್‌ಗಳನ್ನು ಒಂದು ದಿನದ ಮಟ್ಟಿಗೆ ಸಂಬಳ ಕೊಟ್ಟು ಕರೆಸಿದರು. 99 ಮಂದಿ ಒಬ್ಬೊಬ್ಬರಾಗಿ, ಉಳಿದವರು 98 ಜೋಡಿಗಳಾಗಿ, ಇದ್ದ ಪ್ರೋಗ್ರಾಮಿನಲ್ಲಿ ಬದಲಾವಣೆಗಳನ್ನು ಮಾಡಿದರು. ಎಲ್ಲರ ಲೆಕ್ಕ ಒಟ್ಟಿಗೆ ಹಾಕಿದಾಗ ಜೋಡಿಗಳಿಗೆ ಸಮಯವೂ ಉಳಿಯಲಿಲ್ಲ, ಸರಿಯುತ್ತರಗಳೂ ಹೆಚ್ಚಾಗಲಿಲ್ಲ. ಒಟ್ಟು ಶ್ರಮ ಮಾತ್ರ ಶೇ 84ರಷ್ಟು ಏರಿತು. ನಿಮ್ಮ ಮ್ಯಾನೇಜರ್ ಓದಿದರೆ ಸಂತೋಷಪಡುವ ಅಂಕಿ ಇದು.

ಅಲ್ಲಿಗೇ ನಿಲ್ಲಬೇಡಿ, ಮುಂದಿನ ಸಾಲುಗಳನ್ನೂ ಅವರಿಗೆ ತೋರಿಸಿ. ಆ ಪ್ರಯೋಗದಲ್ಲಿ ಒಂದೇ ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಬರೆದಿಟ್ಟಿದ್ದರು, ಒಂದು ಸರಳ ವಿನ್ಯಾಸ, ಇನ್ನೊಂದು ಕ್ಲಿಷ್ಟ. ಸರಳವಾದದ್ದರಲ್ಲಿ ಜೋಡಿಗಳು ಶೇ 20ರಷ್ಟು ಬೇಗ ಮುಗಿಸಿದರು, ಆದರೆ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲ. ಕ್ಲಿಷ್ಟವಾದದ್ದರಲ್ಲಿ ಸಮಯ ಉಳಿಯಲಿಲ್ಲ, ಆದರೆ ಸರಿಯಾಗಿ ಮುಗಿಸಿದವರ ಪ್ರಮಾಣ ಶೇ 48ರಷ್ಟು ಹೆಚ್ಚಿತ್ತು. ಇದರಲ್ಲೂ ಕಿರಿಯರನ್ನು ಮಾತ್ರ ಬೇರೆ ಮಾಡಿ ನೋಡಿದರೆ, ಕ್ಲಿಷ್ಟ ವಿನ್ಯಾಸದ ಮೇಲೆ ಕಿರಿಯರ ಜೋಡಿಗಳ ಸರಿಯುತ್ತರಗಳು ಒಂಟಿ ಕಿರಿಯರಿಗಿಂತ ಶೇ 149ರಷ್ಟು ಹೆಚ್ಚು. ಎರಡು ವರ್ಷದ ನಂತರ ಇದೇ ಗುಂಪಿನವರು ಅಲ್ಲಿಯವರೆಗಿನ 18 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬಂದ ಚಿತ್ರವೂ ಇದೇ ಬಗೆಯದು. ಕಷ್ಟದ ಕೆಲಸದಲ್ಲಿ ಹೆಚ್ಚು ಶ್ರಮ ಕೊಟ್ಟು ಗುಣಮಟ್ಟ ಕೊಳ್ಳುತ್ತೀರಿ. ಸುಲಭದ ಕೆಲಸದಲ್ಲಿ ಬೇಗ ಮುಗಿಯುತ್ತದೆ, ಗುಣಮಟ್ಟ ಮೇಲೇರುವುದಿಲ್ಲ.

ಇದನ್ನು ನಿಮ್ಮ ಬ್ಯಾಕ್‌ಲಾಗ್ (ಮಾಡಬೇಕಿರುವ ಕೆಲಸಗಳ ಪಟ್ಟಿ) ಮೇಲೆ ಇಟ್ಟು ನೋಡಿ. ವಿಮಾ ಕ್ಲೈಮ್ ಎಂದರೆ ನಿಯಮಗಳ ಕಾಡು. ಡಿಡಕ್ಟಿಬಲ್ (ವಿಮೆ ಪಡೆದವರೇ ಭರಿಸಬೇಕಾದ ಮೊತ್ತ) ಯಾವ ಹಂತದಲ್ಲಿ ಕಳೆಯಬೇಕು, ಪಾಲಿಸಿಯಲ್ಲಿ ಹಿಂದಿನ ದಿನಾಂಕದಿಂದ ಜಾರಿಗೆ ಬರುವಂಥ ತಿದ್ದುಪಡಿಯಾದರೆ ಈಗಾಗಲೇ ಪಾವತಿಯಾದ ಕ್ಲೈಮ್ ಏನಾಗಬೇಕು, ಒಂದೇ ಅಪಘಾತಕ್ಕೆ ಎರಡು ಪಾಲಿಸಿ ಅನ್ವಯಿಸಿದರೆ ಮೊದಲು ಯಾರು ಕೊಡಬೇಕು. ಇಂಥ ಕಡೆ ಒಬ್ಬರೇ ಕೂತು ಬರೆದ ಕೋಡ್ ಟೆಸ್ಟ್ ಎಲ್ಲ ಪಾಸಾಗಿ ತಿಂಗಳ ನಂತರ ತಪ್ಪು ಮೊತ್ತದ ಚೆಕ್ ಕಳಿಸುತ್ತದೆ. ಇದಕ್ಕೆ ಇಬ್ಬರು ಕೂರಲೇಬೇಕು. ವರದಿಯಲ್ಲಿ ಒಂದು ಕಾಲಂ ಸೇರಿಸುವುದಕ್ಕೆ, ಸ್ಕ್ರೀನಿನ ಲೇಬಲ್ ಬದಲಿಸುವುದಕ್ಕೆ, ಲೈಬ್ರರಿ ವರ್ಷನ್ ಏರಿಸುವುದಕ್ಕೆ ಒಬ್ಬರು ಸಾಕು. ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಪ್ರತಿ ಸ್ಟೋರಿಯ ಮುಂದೆ ಜೋಡಿಯೋ ಒಂಟಿಯೋ ಎಂದು ಅಲ್ಲೇ ತೀರ್ಮಾನಿಸಿ ಬರೆದುಬಿಡಿ. "ಎಲ್ಲ ಕೋಡೂ ಜೋಡಿಯಲ್ಲೇ" ಎಂಬ ಷರತ್ತು ನಿಮ್ಮ ತಂಡಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಆ ಪ್ರಯೋಗಗಳೆಲ್ಲ ಮುಟ್ಟದೇ ಇರುವ ಸಂಗತಿಗೆ ಬರುತ್ತೇನೆ. ನಾರ್ವೆಯ ಪ್ರಯೋಗ ಒಂದು ದಿನದ್ದು. ದಿನ ಮುಗಿದ ಮೇಲೆ ಎಲ್ಲರೂ ಮನೆಗೆ ಹೋದರು. ಆ ಕೋಡನ್ನು ಮಾರನೇ ದಿನ ಯಾರೂ ಓದಬೇಕಿರಲಿಲ್ಲ, ಬರೆದವರು ಯಾರೂ ಕೆಲಸ ಬಿಡಲಿಲ್ಲ. ತಂಡದ ಮೇಲಾಗುವ ಪರಿಣಾಮ ಶುರುವಾಗುವುದೇ ಅಲ್ಲಿಂದ ಮುಂದೆ.

ನಮ್ಮಲ್ಲಿ ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಕೆಲಸ ಬಿಡುವವರು ತಮಗೆ ತಿಳಿದದ್ದನ್ನು ಉಳಿದವರಿಗೆ ಒಪ್ಪಿಸುವುದು) ಎಂದರೆ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಪಾವತಿ ಮಾಡ್ಯೂಲನ್ನು ವರ್ಷಗಟ್ಟಲೆ ನೋಡಿಕೊಂಡ ಒಬ್ಬರು ರಾಜೀನಾಮೆ ಕೊಡುತ್ತಾರೆ. ನೋಟಿಸ್ ಪೀರಿಯಡ್‌ನ ಕೊನೆಯ ವಾರಗಳಲ್ಲಿ ದಿನಕ್ಕೊಂದು ಗಂಟೆ ಕಾಲ್, ಎಲ್ಲ ರೆಕಾರ್ಡ್ ಆಗುತ್ತದೆ, ಒಂದು ಡಾಕ್ಯುಮೆಂಟ್ ತಯಾರಾಗುತ್ತದೆ. ಅವರು ಹೋದ ಮೇಲೆ ಆ ರೆಕಾರ್ಡಿಂಗ್ ತೆರೆದು ನೋಡುವವರು ಅಪರೂಪ. ಯಾಕೆಂದರೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಈ ಫೀಲ್ಡ್ ಖಾಲಿ ಬಂದರೆ ಯಾಕೆ ಸೊನ್ನೆ ಎಂದುಕೊಳ್ಳಬಾರದು, ರಾತ್ರಿ ತಾನಾಗಿ ಓಡುವ ಬ್ಯಾಚ್ ಅರ್ಧಕ್ಕೆ ನಿಂತರೆ ಮೊದಲು ಯಾವ ಟೇಬಲ್ ನೋಡಬೇಕು ಎಂಬಂಥ ತಿಳಿವಳಿಕೆ ಕೆಲಸ ಮಾಡುವಾಗ ಮಾತ್ರ ಬಾಯಿಗೆ ಬರುತ್ತದೆ. ಕೂತು ಹೇಳು ಎಂದರೆ ಹೇಳುವವರಿಗೇ ನೆನಪಾಗುವುದಿಲ್ಲ. ಜೋಡಿಯಲ್ಲಿ ಕೆಲಸ ಮಾಡುವ ತಂಡದಲ್ಲಿ ಈ ತಿಳಿವಳಿಕೆ ದಿನವೂ ಸ್ವಲ್ಪಸ್ವಲ್ಪ ಕೈ ಬದಲಾಗುತ್ತಿರುತ್ತದೆ. ಬೆಂಗಳೂರಿನಲ್ಲಿ ಜನ ಕೆಲಸ ಬದಲಿಸುವ ವೇಗ ನೋಡಿದರೆ, ನಿಮ್ಮ ಮ್ಯಾನೇಜರ್ ಕೇಳುವ ಆ ಎರಡನೇ ಸಂಬಳಕ್ಕೆ ಇದೊಂದೇ ಸಮರ್ಥನೆ ಸಾಕು ಎಂದು ನನಗನ್ನಿಸುತ್ತದೆ.

ಆದರೆ ಜೋಡಿಗಳು ಬದಲಾಗದಿದ್ದರೆ ಇದು ನಡೆಯುವುದಿಲ್ಲ. ಒಂದೇ ಇಬ್ಬರು ಆರು ತಿಂಗಳು ಅಂಟಿಕೊಂಡು ಕೂತರೆ, ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ ಗೊತ್ತಿದ್ದಂತಾಗುತ್ತದೆ, ಅಷ್ಟೇ ಲಾಭ. ಅಮೆರಿಕದ ಆನ್ ಆರ್ಬರ್‌ನಲ್ಲಿರುವ ಮೆನ್ಲೊ ಇನ್ನೊವೇಶನ್ಸ್ ಎಂಬ ಕಂಪನಿ 2001ರಿಂದ ಜೋಡಿಯಲ್ಲೇ ಕೆಲಸ ನಡೆಸುತ್ತ ಬಂದಿದೆ, ಅಲ್ಲಿ ಜೋಡಿಗಳನ್ನು ವಾರಕ್ಕೊಮ್ಮೆ ಬದಲಿಸುವ ಪದ್ಧತಿ. ನಿಮ್ಮಲ್ಲಿ ಎಂಟು ಮಂದಿಯಿದ್ದಾರೆ, ವಾರಕ್ಕೆರಡು ಸಲ ಬದಲಿಸಿದರೂ ತೊಂದರೆಯಿಲ್ಲ. ಸ್ಟೋರಿ ಅರ್ಧದಲ್ಲಿದ್ದರೆ ಒಬ್ಬರು ಅದರಲ್ಲೇ ಉಳಿಯಲಿ, ಇನ್ನೊಬ್ಬರು ಎದ್ದು ಬೇರೆಡೆ ಹೋಗಲಿ. ಹೊಸದಾಗಿ ಬಂದವರಿಗೆ ಉಳಿದವರು ವಿವರಿಸಲೇಬೇಕಾಗುತ್ತದೆ, ಹಾಗೆ ವಿವರಿಸುವಾಗಲೇ ಎಷ್ಟೋ ಬಗ್‌ಗಳು ಸಿಕ್ಕಿಬೀಳುತ್ತವೆ.

ಇನ್ನು ತಲೆಯಾಡಿಸುವ ಫ್ರೆಶರ್‌ಗಳು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಅದೇ, ಸ್ಟೋರಿ ಕಡಿಮೆಯಾದದ್ದಲ್ಲ.

ಪುಸ್ತಕಗಳಲ್ಲಿ ಜೋಡಿಯ ಕೆಲಸವನ್ನು ಹೀಗೆ ಹಂಚುತ್ತಾರೆ: ಕೀಬೋರ್ಡ್ ಹಿಡಿದವರು ಡ್ರೈವರ್, ಸಾಲುಸಾಲಾಗಿ ಬರೆಯುತ್ತಾರೆ. ಪಕ್ಕದವರು ನ್ಯಾವಿಗೇಟರ್, ದೂರದೃಷ್ಟಿಯಿಂದ ದಾರಿ ನೋಡುತ್ತಾರೆ. ಬ್ರಿಟನ್ನಿನ ಸ್ಯಾಲಿಆನ್ ಬ್ರಯಂಟ್ ಮತ್ತು ಸಂಗಡಿಗರು ಕಂಪನಿಗಳಲ್ಲಿ ಜೋಡಿಗಳ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ವಿಶ್ಲೇಷಿಸಿದಾಗ ಕಂಡದ್ದು ಬೇರೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಒಂದೇ ವಿಷಯ ಮಾತಾಡುತ್ತಿದ್ದರು. ಒಬ್ಬರು ಮೇಲೆ, ಒಬ್ಬರು ಕೆಳಗೆ ಎಂಬ ಹಂಚಿಕೆ ಅಲ್ಲಿರಲಿಲ್ಲ. ಹಾಗಾಗಿ ಜೋಡಿ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಿದ್ದರೆ ಕಿವಿಗೊಡಿ. ಇಬ್ಬರ ದನಿಯೂ ಕೇಳಿಸುತ್ತಿರಬೇಕು. ನಿಮ್ಮಲ್ಲಿ ಒಂದೇ ದನಿ ಕೇಳಿಸುತ್ತಿದೆ ಎಂದರೆ ಅಲ್ಲಿ ಪೇರ್ ಪ್ರೋಗ್ರಾಮಿಂಗ್ ಇನ್ನೂ ಶುರುವೇ ಆಗಿಲ್ಲ. ಒಬ್ಬರು ಬರೆಯುತ್ತಿದ್ದಾರೆ, ಒಬ್ಬರು ನೋಡುತ್ತಿದ್ದಾರೆ. ಮ್ಯಾನೇಜರ್ ದೂರು ಆ ಜೋಡಿಗಳ ಮಟ್ಟಿಗೆ ಅಕ್ಷರಶಃ ನಿಜ.

ಅವರು ಯಾಕೆ ಮಾತಾಡುತ್ತಿಲ್ಲ? ಶಾಲೆಯಿಂದ ಎಂಜಿನಿಯರಿಂಗ್ ಮುಗಿಯುವವರೆಗೂ ದೊಡ್ಡವರು ಹೇಳುವಾಗ ಬಾಯಿ ಮುಚ್ಚಿ ಕೇಳುವುದೇ ವಿನಯ ಎಂದು ಕಲಿತು ಬಂದವರು ಅವರು. "ಸರ್, ಇಲ್ಲಿ ಲೂಪ್ ಒಂದು ಸುತ್ತು ಜಾಸ್ತಿ ತಿರುಗುತ್ತಲ್ವಾ?" ಎಂದು ಕೇಳಲು ಬೇಕಾದ ಧೈರ್ಯ ಸಣ್ಣದಲ್ಲ. ಅದನ್ನು ಅವರಿಂದ ನಿರೀಕ್ಷಿಸುತ್ತ ಕೂರುವ ಬದಲು ವ್ಯವಸ್ಥೆಯನ್ನೇ ಬದಲಿಸಿ. ಲೆವೆಲಿನ್ ಫಾಲ್ಕೊ ಎಂಬ ಪ್ರೋಗ್ರಾಮರ್ ಜನಪ್ರಿಯಗೊಳಿಸಿದ ಒಂದು ನಿಯಮವಿದೆ: ನಿಮ್ಮ ತಲೆಯ ಯೋಚನೆ ಕಂಪ್ಯೂಟರಿಗೆ ಹೋಗಬೇಕಿದ್ದರೆ ಅದು ಇನ್ನೊಬ್ಬರ ಕೈ ಮೂಲಕವೇ ಹೋಗಬೇಕು. ಫ್ರೆಶರ್ ಕೀಬೋರ್ಡಿನಲ್ಲಿ, ಸೀನಿಯರ್ ಬಾಯಲ್ಲಿ. ಸೀನಿಯರ್‌ಗೆ ವಿವರಿಸದೆ ಗತ್ಯಂತರವಿಲ್ಲ, ಫ್ರೆಶರ್‌ಗೆ ಅರ್ಥವಾಗದಿದ್ದರೆ ಕೈ ಅಲ್ಲೇ ನಿಲ್ಲುತ್ತದೆ. ಕೈ ನಿಂತದ್ದು ಇಬ್ಬರಿಗೂ ಕಾಣುತ್ತದೆ, ಕೇಳುವ ಮುಜುಗರವೇ ಇರುವುದಿಲ್ಲ. ಸೀನಿಯರ್ ಕೈ ಚಾಚಿ ಕೀಬೋರ್ಡ್ ಎಳೆದುಕೊಳ್ಳಬಾರದು ಎಂಬುದೊಂದೇ ಕಟ್ಟುನಿಟ್ಟು. ಮೊದಮೊದಲು ಅವರಿಗೆ ಇದು ಹಿಂಸೆಯಾಗುತ್ತದೆ, ತಾಳಿಕೊಳ್ಳಲು ಹೇಳಿ.

ಕೆಲವು ವಾರ ಕಳೆದ ಮೇಲೆ ಟೆಸ್ಟ್ ಇಟ್ಟುಕೊಂಡು ಆಡಿ. ಒಬ್ಬರು ಫೇಲ್ ಆಗುವ ಒಂದು ಸಣ್ಣ ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ತುಣುಕು) ಬರೆದು ಕೀಬೋರ್ಡ್ ಕೊಡುತ್ತಾರೆ, ಇನ್ನೊಬ್ಬರು ಅದನ್ನು ಪಾಸ್ ಮಾಡಿಸಿ ಮುಂದಿನ ಟೆಸ್ಟ್ ಬರೆದು ಹಿಂದಿರುಗಿಸುತ್ತಾರೆ. ಐದು ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲಾಗುವುದರಿಂದ ಯಾರೂ ನಿದ್ದೆಗೆ ಜಾರುವುದಿಲ್ಲ. ಸೀನಿಯರ್‌ಗೆ ಕೇಳಬೇಕಾದ ಪ್ರಶ್ನೆಯನ್ನು ಫ್ರೆಶರ್ ಟೆಸ್ಟಿನ ರೂಪದಲ್ಲಿ ಕೇಳಿದಂತೆಯೂ ಆಗುತ್ತದೆ. ಆಗೊಮ್ಮೆ ಈಗೊಮ್ಮೆ ಇಬ್ಬರು ಫ್ರೆಶರ್‌ಗಳನ್ನೇ ಜೋಡಿ ಮಾಡಿ. ಮೇಲೆ ಹೇಳಿದ ನಾರ್ವೆಯ ಅಂಕಿ ನೆನಪಿಸಿಕೊಳ್ಳಿ, ಕಷ್ಟದ ಕೆಲಸದಲ್ಲಿ ಜೋಡಿಯಿಂದ ಹೆಚ್ಚು ಗೆದ್ದವರು ಕಿರಿಯರೇ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಸಮಾನರ ನಡುವೆ ಬಾಯಿ ತಾನಾಗಿ ಬಿಚ್ಚುತ್ತದೆ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು, ಇದನ್ನು ಬಹಳ ತಂಡಗಳು ಗಮನಿಸುವುದೇ ಇಲ್ಲ. ಗಟ್ಟಿಯಾಗಿ ಯೋಚಿಸುವುದೇ ಜೋಡಿ ಕೆಲಸದ ಜೀವಾಳ. ಹಾಸನದಿಂದಲೋ ಗದಗದಿಂದಲೋ ಬಂದ ಹುಡುಗಿಗೆ ದಿನನಿತ್ಯದ ಸ್ಟ್ಯಾಂಡ್‌ಅಪ್ ಸಭೆಯಲ್ಲಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುವುದು ಬರಬಹುದು, ಆದರೆ ಅರ್ಧ ಹುಟ್ಟಿದ ಯೋಚನೆಯನ್ನು ಇಂಗ್ಲಿಷಿನಲ್ಲಿ ಆಡುವುದು ಬೇರೆಯೇ ಕಷ್ಟ. ವಾಕ್ಯ ಸರಿ ಮಾಡಿಕೊಳ್ಳುವಷ್ಟರಲ್ಲಿ ಕೋಡ್ ಮುಂದೆ ಹೋಗಿರುತ್ತದೆ. ಜೋಡಿಯ ಇಬ್ಬರಿಗೂ ಕನ್ನಡ ಬಂದರೆ ಕನ್ನಡದಲ್ಲೇ ಮಾತಾಡಲಿ, ತೆಲುಗಾದರೆ ತೆಲುಗು. ಫಂಕ್ಷನ್ ಹೆಸರು, ಕಮೆಂಟ್, ಕಮಿಟ್ ಮೆಸೇಜ್ (ಕೋಡಿನ ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) ಇಂಗ್ಲಿಷಿನಲ್ಲಿರಲಿ. ಮೂರನೆಯವರು ಬಂದು ಕೂತರೆ ಎಲ್ಲರಿಗೂ ತಿಳಿಯುವ ಭಾಷೆಗೆ ಬದಲಾಗಲಿ. ಲೀಡ್ ಆದ ನೀವೇ ಇದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಆಫೀಸಿನಲ್ಲಿ ಇಂಗ್ಲಿಷೇ ಶಿಸ್ತು ಎಂದು ಅವರೇ ಅಂದುಕೊಂಡಿರುತ್ತಾರೆ.

ಹಾಗೆಂದು ಜೋಡಿ ಎಂದರೆ ಕಿರಿಯರ ತರಬೇತಿ ಮಾತ್ರ ಎಂದು ಸೀನಿಯರ್‌ಗಳು ಭಾವಿಸದಿರಲಿ. 1946ರ ಫೆಬ್ರವರಿಯಲ್ಲಿ ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದಾಗ ಅದರಲ್ಲಿ ಓಡಿದ ಫಿರಂಗಿ ಗುಂಡಿನ ಪಥದ ಲೆಕ್ಕವನ್ನು ಸಿದ್ಧಪಡಿಸಿದವರು ಜೀನ್ ಜೆನ್ನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್ ಎಂಬ ಇಬ್ಬರು ಯುವತಿಯರು, ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕುತ್ತ ಜೋಡಿಯಾಗಿಯೇ ದುಡಿದರು. ಗೂಗಲ್‌ನಲ್ಲಿ ಜೆಫ್ ಡೀನ್ ಮತ್ತು ರಾಜಸ್ಥಾನದ ಕೋಟಾದಲ್ಲಿ ಬೆಳೆದ ಸಂಜಯ್ ಘೆಮಾವತ್ ವರ್ಷಗಟ್ಟಲೆ ಒಂದೇ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆದರು. ಅಪಾರ ದತ್ತಾಂಶವನ್ನು ಅನೇಕ ಕಂಪ್ಯೂಟರುಗಳಿಗೆ ಹಂಚಿ ಸಂಸ್ಕರಿಸುವ ಮ್ಯಾಪ್‌ರೆಡ್ಯೂಸ್ ಅವರಿಬ್ಬರ ಕೈಯಿಂದ ಬಂದದ್ದು. ಕಲಿಸುವುದಕ್ಕಲ್ಲ, ಒಬ್ಬರಿಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆಯುವುದಕ್ಕಾಗಿ ಅವರು ಹಾಗೆ ಕೂರುತ್ತಿದ್ದರು. ನಿಮ್ಮ ಇಬ್ಬರು ಅತ್ಯುತ್ತಮ ಸೀನಿಯರ್‌ಗಳನ್ನು ತಿಂಗಳಿಗೆ ಕೆಲವು ದಿನವಾದರೂ ಅತಿ ಕಠಿಣ ಭಾಗದ ಮೇಲೆ ಒಟ್ಟಿಗೆ ಕೂರಿಸಿ.

ಸುಸ್ತಿನ ವಿಷಯದಲ್ಲಿ ನಿಮ್ಮ ಸೀನಿಯರ್ ಹೇಳುತ್ತಿರುವುದು ಸತ್ಯ. ಜೋಡಿಯಲ್ಲಿ ಕೂತಾಗ ಫೋನ್ ನೋಡುವಂತಿಲ್ಲ, ಮೇಲ್ ತೆರೆಯುವಂತಿಲ್ಲ, ಗಮನ ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನಲ್ಲಿ ಜೋಡಿಯ ನಿಯಮದ ಜೊತೆಗೇ ವಾರಕ್ಕೆ 40 ಗಂಟೆ ಕೆಲಸ ಎಂಬ ನಿಯಮವೂ ಇತ್ತು. ನಾವು ಮೊದಲನೆಯದನ್ನು ಮಾತ್ರ ತಂದುಕೊಂಡೆವು. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕಳೆದು ಬಂದು, ದಿನವಿಡೀ ಜೋಡಿಯಲ್ಲಿ ಕೂತು, ರಾತ್ರಿ ಒಂಬತ್ತಕ್ಕೆ ಕ್ಲೈಂಟ್ ಕಾಲ್ ಇದ್ದರೆ ಯಾರ ತಲೆಯೂ ಓಡುವುದಿಲ್ಲ. ಬೆಳಿಗ್ಗೆ ಎರಡು ಗಂಟೆ, ಊಟದ ನಂತರ ಒಂದೂವರೆ ಗಂಟೆ ಜೋಡಿಗೆ ಮೀಸಲಿಡಿ, ನಡುನಡುವೆ ಎದ್ದು ಓಡಾಡಲಿ. ಉಳಿದ ಹೊತ್ತು ಅವರವರದು. ಹೊಸ ತಂತ್ರಜ್ಞಾನ ಓದುವುದು, ಪ್ರಯೋಗಾರ್ಥ ಬರೆದು ಎಸೆಯುವ ಕೋಡ್, ಒಬ್ಬರೇ ಸುಮ್ಮನೆ ಕೂತು ಯೋಚಿಸುವುದು, ಇವೆಲ್ಲ ಒಂಟಿಯಾಗಿಯೇ ಆಗಬೇಕಾದ ಕೆಲಸ. ಎಷ್ಟು ಪ್ರಯತ್ನಪಟ್ಟರೂ ಜೋಡಿ ಒಗ್ಗದವರೂ ತಂಡದಲ್ಲಿರುತ್ತಾರೆ. ಅವರನ್ನು ಒತ್ತಾಯಿಸಬೇಡಿ, ಅವರ ಕೋಡಿಗೆ ರಿವ್ಯೂ (ಇನ್ನೊಬ್ಬರು ಓದಿ ಪರಿಶೀಲಿಸುವುದು) ಬಿಗಿ ಮಾಡಿ.

ಮನೆಯಿಂದ ಕೆಲಸ ಮಾಡುವ ದಿನ ಸ್ಕ್ರೀನ್ ಶೇರ್ ಒಂದೇ ಸಾಲದು, ಇಬ್ಬರೂ ಬರೆಯುವಂತಿರಬೇಕು. ವಿಎಸ್ ಕೋಡ್ ಎಂಬ ಎಡಿಟರಿನ ಲೈವ್ ಶೇರ್ ಥರದ ಸಾಧನಗಳು ಅದಕ್ಕೆ ಇವೆ. ಜೋಡಿಯಲ್ಲಿ ಬರೆದ ಕಮಿಟ್‌ಗೆ ಇಬ್ಬರ ಹೆಸರನ್ನೂ ಹಾಕಿಸಿ, ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣ 2018ರಿಂದ ಸಹಲೇಖಕರನ್ನು ತೋರಿಸುತ್ತಿದೆ. ಇದು ಚಿಕ್ಕ ವಿಷಯವಲ್ಲ. ಅಪ್ರೈಸಲ್ ಸಮಯದಲ್ಲಿ ಕಮಿಟ್ ಎಣಿಸುವ ಕಡೆ, ಬೇರೆಯವರ ಕೀಬೋರ್ಡ್ ಪಕ್ಕ ಕೂತು ಅವರ ಕೆಲಸ ಸರಿಮಾಡಿದವರಿಗೆ ಅನ್ಯಾಯವಾಗುತ್ತದೆ. ಹಾಗಾದ ಮೇಲೆ ಮತ್ತೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲ.

ಎಐ ಪ್ರಶ್ನೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದನ್ನು ಪರಿಚಯಿಸಿದ್ದೇ ಎಐ ಪೇರ್ ಪ್ರೋಗ್ರಾಮರ್ ಎಂದು. ಒಂಟಿಯಾಗಿ ಮಾಡುವ ಸುಲಭದ ಕೆಲಸಗಳಲ್ಲಿ ಅದು ನಿಜಕ್ಕೂ ಒಳ್ಳೆಯ ಸಹಾಯ, ಬಳಸಿ. ಆದರೆ ನಾನು ಮೇಲೆ ಹೇಳಿದ ಲಾಭ ಅದರಿಂದ ಬರುವುದಿಲ್ಲ. ನೀವು ಅದರ ಜೊತೆ ಕೂತು ಪಾವತಿ ಮಾಡ್ಯೂಲ್ ಬರೆದರೆ ಆ ಮಾಡ್ಯೂಲ್ ಗೊತ್ತಿರುವ ಎರಡನೇ ವ್ಯಕ್ತಿ ತಂಡದಲ್ಲಿ ಹುಟ್ಟುವುದಿಲ್ಲ. ಬದಲಿಗೆ ಯಾರೂ ಗಮನವಿಟ್ಟು ಓದದ ಕೋಡ್ ಹೆಚ್ಚುವ ಅಪಾಯವಿದೆ. ನೋಡಲು ಅಚ್ಚುಕಟ್ಟಾಗಿರುವ, ಒಂದು ಷರತ್ತು ಮಾತ್ರ ತಪ್ಪಿರುವ ಕೋಡನ್ನು ಒಂಟಿ ಕಣ್ಣು ಸುಲಭವಾಗಿ ದಾಟಿಸಿಬಿಡುತ್ತದೆ. ಕ್ಲೈಮ್ ನಿಯಮಗಳಂಥ ಕಡೆ ಎಐ ಬರೆಯಲಿ, ಇಬ್ಬರು ಕೂತು ಅದನ್ನು ಸಾಲುಸಾಲಾಗಿ ಓದಿ ಪ್ರಶ್ನಿಸಲಿ. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದುವವರ ಜವಾಬ್ದಾರಿ ಏರುತ್ತದೆ.

ಮ್ಯಾನೇಜರ್ ಮುಂದೆ ಹೋಗುವಾಗ ಈ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಸ್ಟೋರಿ ಕೈಗೆತ್ತಿಕೊಂಡ ದಿನದಿಂದ ಪ್ರೊಡಕ್ಷನ್ ಮುಟ್ಟುವವರೆಗಿನ ದಿನಗಳು, ಪಿಆರ್‌ಗಳು (ಬರೆದ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ರಿವ್ಯೂಗಾಗಿ ಕಾದ ಹೊತ್ತು, ಮುಗಿಯಿತು ಎಂದ ಮೇಲೆ ಮತ್ತೆ ತೆರೆದುಕೊಂಡ ಬಗ್‌ಗಳು, ಮತ್ತು ಪ್ರತಿ ಮಾಡ್ಯೂಲನ್ನು ಯಾರ ಸಹಾಯವೂ ಇಲ್ಲದೆ ಸಂಭಾಳಿಸಬಲ್ಲವರ ಹೆಸರುಗಳು. ಇವತ್ತಿನ ಸ್ಥಿತಿಯನ್ನು ದಾಖಲಿಸಿ, ಮೂರು ತಿಂಗಳ ಗಡುವು ಕೇಳಿ. ಜೋಡಿಯಲ್ಲಿ ಬರೆದ ಕೋಡಿಗೆ ಪ್ರತ್ಯೇಕ ರಿವ್ಯೂ ಕಾಯುವ ಅಗತ್ಯ ಬಹುಪಾಲು ಇರುವುದಿಲ್ಲ. ಹಾಗಾಗಿ ಎರಡನೇ ಅಂಕಿ ಬೇಗ ಇಳಿಯುತ್ತದೆ, ಅದನ್ನು ಮೊದಲು ತೋರಿಸಬಹುದು. ನಾಲ್ಕನೆಯದು ನಿಧಾನ. ಮೂರು ತಿಂಗಳಾದರೂ ಒಂದೊಂದು ಮಾಡ್ಯೂಲಿನ ಮುಂದೆ ಒಂದೊಂದೇ ಹೆಸರು ಉಳಿದಿದ್ದರೆ ನಿಮ್ಮ ಜೋಡಿಗಳು ಬದಲಾಗುತ್ತಿಲ್ಲ ಎಂದರ್ಥ. ಆಗ ನಿಲ್ಲಿಸುವ ಮಾತಿಗಿಂತ ಮೊದಲು ಅದನ್ನು ಸರಿಪಡಿಸಿ ನೋಡಿ.

ಕ್ಲೈಂಟ್ ಜೊತೆಗಿನ ಮಾತು ಬೇರೆ. ಟೈಮ್‌ಶೀಟಿನಲ್ಲಿ ಒಂದೇ ಸ್ಟೋರಿಗೆ ಇಬ್ಬರ ಗಂಟೆ ಬೀಳುವುದನ್ನು ಅವರು ಲಿಖಿತವಾಗಿ ಒಪ್ಪಬೇಕು. ಮುಂದೊಂದು ದಿನ ಬಿಲ್ ನೋಡಿ ಅವರೇ ಪ್ರಶ್ನಿಸುವಂತಾಗಬಾರದು. ಎಲ್ಲ ಕೋಡಿನ ಬದಲು ಕ್ಲೈಮ್ ನಿಯಮ, ಪಾವತಿ, ಡೇಟಾ ಮೈಗ್ರೇಶನ್ ಈ ಮೂರಕ್ಕೆ ಜೋಡಿ ಕಡ್ಡಾಯ, ಉಳಿದದ್ದು ತಂಡದ ವಿವೇಚನೆಗೆ ಎಂದು ಷರತ್ತನ್ನು ತಿದ್ದಿಸಿಕೊಳ್ಳಲು ಕೇಳಿ.